ನಾಟಿ ತಾಯಿ, ಗಿರಿರಾಜನ ಮರಿ

ಗಿರಿರಾಜ ಕೋಳಿಗೆ ಮೊಟ್ಟೆ ಇಡುವುದು ಗೊತ್ತು, ಕಾವು ಕೂರುವುದು ಗೊತ್ತಿಲ್ಲ. ನಾಟಿ ಕೋಳಿಗೆ ಕಾವೆಂದರೆ ಪ್ರಾಣ, ಆದರೆ ಮೊಟ್ಟೆ ಕಮ್ಮಿ. ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಸಾಕಬೇಕು ಎಂದುಕೊಂಡವರೆಲ್ಲ ಮೊದಲು ಕೇಳುವುದು ‘ಯಾವ ತಳಿ ತರಲಿ?’ ಎಂದೇ. ಎರಡನ್ನೂ ತನ್ನಿ ಎನ್ನುವುದು ನನ್ನ ಉತ್ತರ. ಹಲವು ತಳಿಯ, ಹಲವು ವಯಸ್ಸಿನ ಕೋಳಿಗಳು ಕೂಡಿ ಬದುಕುವ ಸಣ್ಣ ಹಿಂಡು ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ್ದು. ಅದರ ಲಾಭವೂ ಆ ಮಿಶ್ರಣದಲ್ಲಿದೆ, ಅಪಾಯವೂ ಅಲ್ಲೇ ಇದೆ.

ಹಿತ್ತಲ ಕೋಳಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಫಾರಂ ಕೋಳಿ ಎಂದು ಮಾತಾಡಿಕೊಂಡವರು ಬಹಳ. ಲೆಕ್ಕ ಬೇರೆಯೇ ಹೇಳುತ್ತದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿಗಳ ಸಂಖ್ಯೆ 85 ಕೋಟಿ ದಾಟಿತ್ತು. ಅದರಲ್ಲಿ ಹಿತ್ತಲಲ್ಲಿ ಬೆಳೆದವು 31 ಕೋಟಿ 70 ಲಕ್ಷ. ಅದರ ಹಿಂದಿನ ಗಣತಿಗೆ ಹೋಲಿಸಿದರೆ ಇವು ಬೆಳೆದದ್ದು ಶೇಕಡ 45ಕ್ಕೂ ಹೆಚ್ಚು, ಫಾರಂ ಕೋಳಿಗಳು ಶೇಕಡ 5ರಷ್ಟೂ ಇಲ್ಲ. ಹಳ್ಳಿಯ ಹೆಂಗಸರ ಕೈಗೆ ಯಾರನ್ನೂ ಕೇಳದೆ ಸಿಗುವ ದುಡ್ಡು ಮೊಟ್ಟೆಯದು, ಹುಂಜದ್ದು. ಆ ದುಡ್ಡಿನ ಬೆಲೆ ತಿಳಿದವರಿಗೆ ಈ ಅಂಕಿ ಆಶ್ಚರ್ಯ ತರುವುದಿಲ್ಲ.

ಗಿರಿರಾಜ ಹುಟ್ಟಿದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಕೈಯಲ್ಲಿ. ಬಣ್ಣದ ಗರಿ, ನೋಡಲು ನಾಟಿಯಂತೆ, ತೂಕದಲ್ಲಿ ಅದರ ಎರಡರಷ್ಟು. ಹುಂಜ ಮೂರು ಕಿಲೊ ಮೀರಿ ಬೆಳೆಯುತ್ತದೆ. ಆಮೇಲೆ ಅಲ್ಲಿಂದಲೇ ಸ್ವರ್ಣಧಾರಾ ಬಂತು. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಿಂದ ಕಾವೇರಿ, ಹೈದರಾಬಾದಿನಿಂದ ವನರಾಜ ಮತ್ತು ಗ್ರಾಮಪ್ರಿಯ ಬಂದವು. ಇವೆಲ್ಲ ಮೇಯಿಸಿಕೊಂಡೇ ಸಾಕಬಹುದಾದ ಸುಧಾರಿತ ತಳಿಗಳು. ಒಳ್ಳೆಯ ಆರೈಕೆಯಲ್ಲಿ ಗಿರಿರಾಜ ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ನಾಟಿ 50–60. ಇಷ್ಟನ್ನೇ ನೋಡಿದವರು ನಾಟಿ ಕೋಳಿಯನ್ನು ಸಾರಿಗೆ ಹಾಕಿ ಗೂಡೆಲ್ಲ ಗಿರಿರಾಜನಿಂದ ತುಂಬುತ್ತಾರೆ. ಎರಡು ವರ್ಷ ಕಳೆದ ಮೇಲೆ ಮೊಟ್ಟೆ ಇಳಿಯುತ್ತದೆ, ಮರಿ ಮಾಡಲು ಮನೆಯಲ್ಲಿ ಒಂದೂ ತಾಯಿ ಇರುವುದಿಲ್ಲ, ಮತ್ತೆ ಮರಿ ಕೊಳ್ಳಲು ಅಲೆಯಬೇಕು.

ನಾಟಿಯ 50 ಮೊಟ್ಟೆಯನ್ನು ಹೀಗೆ ನೋಡಿ. ಅದು ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ನಿಲ್ಲಿಸುತ್ತದೆ. ಮೂರು ವಾರ ಕಾವು ಕೂರುತ್ತದೆ, ಮರಿ ಎಬ್ಬಿಸಿದ ಮೇಲೆ ಎರಡು ತಿಂಗಳು ಅವುಗಳ ಬೆನ್ನಿಗಿರುತ್ತದೆ. ಅಷ್ಟು ದಿನ ಮೊಟ್ಟೆಯಿಲ್ಲ. ವರ್ಷದಲ್ಲಿ ಮೂರು ನಾಲ್ಕು ಸಲ ಹೀಗಾದರೆ ಮೊಟ್ಟೆ ಇಡಲು ಉಳಿಯುವ ದಿನಗಳೇ ಕಡಿಮೆ. ಕಾವಿನ ಹುಚ್ಚು ಹತ್ತಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಹೆಚ್ಚು ಮೊಟ್ಟೆಗಾಗಿ ತಲೆಮಾರುಗಟ್ಟಲೆ ಆರಿಸುತ್ತಾ ಹೋದ ತಳಿಗಳಲ್ಲಿ ಆ ಗುಣವೇ ಮಾಯವಾಗುತ್ತಾ ಬಂತು. ಹಾಗಾಗಿ ಒಂದಕ್ಕೆ ಮೊಟ್ಟೆಯ ಕೆಲಸ, ಇನ್ನೊಂದಕ್ಕೆ ತಾಯಿಯ ಕೆಲಸ ಹಂಚುವುದು ಬುದ್ಧಿವಂತಿಕೆ. ಗಿರಿರಾಜನ ಮೊಟ್ಟೆಯನ್ನು ನಾಟಿಯ ಹೊಟ್ಟೆಯಡಿ ಇಟ್ಟರೆ ಅದು ತನ್ನದು ಪರರದು ಎಂದು ನೋಡುವುದಿಲ್ಲ.

ಕಾವಿಗೆ ಬಂದ ಕೋಳಿಯನ್ನು ಗುರುತಿಸುವುದು ಕಷ್ಟವಲ್ಲ. ರಾತ್ರಿಯೂ ಮೊಟ್ಟೆ ಇಡುವ ಜಾಗ ಬಿಟ್ಟು ಏಳುವುದಿಲ್ಲ. ಕೈ ಹಾಕಿದರೆ ಗರಿ ಕೆದರಿಕೊಂಡು ಕುಕ್ಕಲು ಬರುತ್ತದೆ, ದನಿ ಬದಲಾಗಿ ಕೊರ್ ಕೊರ್ ಎನ್ನತೊಡಗುತ್ತದೆ. ಎದೆಯಡಿಯ ಪುಕ್ಕ ಉದುರಿ ಬರಿಯ ಚರ್ಮ ಬಿಸಿಯಾಗಿ ಕೈಗೆ ಸಿಗುತ್ತದೆ. ಕೂರಿಸುವುದು ರಾತ್ರಿ ಹೊತ್ತು, ಜನರ ಓಡಾಟವಿಲ್ಲದ ಮೂಲೆಯಲ್ಲಿ. ಬುಟ್ಟಿಯ ತಳಕ್ಕೆ ಒಂದು ಹಿಡಿ ಒಲೆಬೂದಿ, ಮೇಲೆ ಬೇವಿನ ಸೊಪ್ಪು, ಅದರ ಮೇಲೆ ನೆಲ್ಲುಹುಲ್ಲು. ಬೂದಿ, ಬೇವು ಹೇನಿಗಾಗಿ. ಹೇನು ಹತ್ತಿದ ಕೋಳಿ ನಡುವೆಯೇ ಕಾವು ಬಿಟ್ಟೇಳುತ್ತದೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು ಇಡುವ ಮನೆಗಳೂ ಇವೆ. ಅದರಿಂದ ನಷ್ಟವೇನಿಲ್ಲ, ಇಡಲಿ.

ಮೊಟ್ಟೆ ಆರಿಸುವುದರಲ್ಲಿ ಮಾತ್ರ ಉದಾಸೀನ ಬೇಡ. ಒಂದು ವಾರಕ್ಕಿಂತ ಹಳೆಯದು ಬೇಡ, ತೊಳೆದದ್ದು ಬೇಡ, ಬಿರುಕು ಬಿಟ್ಟದ್ದು ಬೇಡ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಾಪದರ ಹೋಗಿ ಕೊಳೆ ಒಳಗಿಳಿಯುತ್ತದೆ. ನಾಟಿಯ ಹೊಟ್ಟೆಯಡಿ ಅದರದೇ ಮೊಟ್ಟೆಯಾದರೆ ಹನ್ನೆರಡು ಹಿಡಿಯುತ್ತವೆ, ಗಿರಿರಾಜನ ದಪ್ಪ ಮೊಟ್ಟೆಯಾದರೆ ಒಂಬತ್ತು ಹತ್ತಕ್ಕೆ ನಿಲ್ಲಿಸಿ. ಆಸೆಗೆ ಬಿದ್ದು ಹದಿನೈದು ತುಂಬಿದರೆ ಅಂಚಿನವು ಸರದಿಯ ಮೇಲೆ ತಣ್ಣಗಾಗಿ ಎಲ್ಲವೂ ಕೆಡುತ್ತವೆ.

ಆಮೇಲೆ ನಿಮ್ಮದೇನೂ ಕೆಲಸವಿಲ್ಲ, ನೋಡುವುದಷ್ಟೇ. ಕೋಳಿ ದಿನಕ್ಕೊಮ್ಮೆ ಏಳುತ್ತದೆ. ಆತುರಾತುರವಾಗಿ ನಾಲ್ಕು ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ, ಕಾಲು ಗಂಟೆಯೊಳಗೆ ವಾಪಸ್ಸು. ಮೊಟ್ಟೆಗಳ ಮೇಲೆ ಕಾಲಿಡುವಾಗ ಅದು ಬೆರಳು ಮಡಿಸಿಕೊಳ್ಳುತ್ತದೆ. ಕೂತ ಮೇಲೆ ಕೊಕ್ಕಿನ ಅಡಿಯಿಂದ ಒಂದೊಂದನ್ನೇ ತನ್ನ ಕಡೆಗೆ ಎಳೆದು ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ. ಹೊರಳಿಸದಿದ್ದರೆ ಬೆಳೆಯುವ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಏಳನೆಯ ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದರೆ ಕಪ್ಪು ಚುಕ್ಕೆಯೊಂದರ ಸುತ್ತ ಕೆಂಪು ನರಗಳ ಬಲೆ ಕಾಣುತ್ತದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು, ತೆಗೆದುಬಿಡಿ. ಹದಿನೆಂಟನೆಯ ದಿನದಿಂದ ಮುಟ್ಟುವಂತಿಲ್ಲ. ಹೊರಬರುವ ಮುಂಚೆಯೇ ಒಳಗಿನ ಮರಿ ಚಿಂವ್‌ಗುಟ್ಟುತ್ತದೆ, ತಾಯಿ ಮೆಲ್ಲನೆ ಉತ್ತರ ಕೊಡುತ್ತದೆ. ಇಪ್ಪತ್ತೊಂದನೆಯ ದಿನ ಚಿಪ್ಪು ಒಡೆಯುತ್ತದೆ. ತಡವಾಯಿತೆಂದು ಉಗುರಿನಿಂದ ಚಿಪ್ಪು ಬಿಡಿಸಲು ಹೋಗಬೇಡಿ. ರಕ್ತನಾಳ ಒಣಗುವ ಮುಂಚೆ ಬಿಡಿಸಿದರೆ ಮರಿ ರಕ್ತ ಸೋರಿ ಸಾಯುತ್ತದೆ.

ಎರಡು ನಾಟಿ ಕೋಳಿಗಳು ಒಟ್ಟಿಗೆ ಕಾವಿಗೆ ಬಂದರೆ ಒಂದೇ ದಿನ ಕೂರಿಸುವ ಹಳೆಯ ಪದ್ಧತಿ ಬಹಳ ಒಳ್ಳೆಯದು. ಮರಿ ಎದ್ದ ರಾತ್ರಿ ಎಲ್ಲವನ್ನೂ ಒಂದೇ ತಾಯಿಯ ರೆಕ್ಕೆಯಡಿ ಸೇರಿಸಿದರೆ ಇನ್ನೊಂದು ಬೇಗ ಮೊಟ್ಟೆಗೆ ಮರಳುತ್ತದೆ. ಒಂದು ಮಾತು ನೆನಪಿರಲಿ: ಗಿರಿರಾಜನ ಗುಣ ಹಲವು ಸಾಲುಗಳನ್ನು ಕೂಡಿಸಿ ತಂದದ್ದು. ಮನೆಯಲ್ಲೇ ಮರಿ ಮಾಡುತ್ತಾ ಹೋದರೆ ತೂಕವೂ ಮೊಟ್ಟೆಯೂ ಇಳಿಯುತ್ತಾ ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮರಿ ತರಬೇಕು, ನಾಟಿ ಹುಂಜವನ್ನೂ ಬೇರೆ ಊರಿನಿಂದ ಬದಲಾಯಿಸಬೇಕು. ಮರಿಯನ್ನು ಸರ್ಕಾರಿ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಇಲ್ಲವೇ ಗೊತ್ತಿರುವ ಹ್ಯಾಚರಿಯಿಂದಲೇ ತನ್ನಿ. ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬೀದಿಯಲ್ಲಿ ಮಾರುವ ಹಸಿರು, ಗುಲಾಬಿ ಬಣ್ಣ ಬಳಿದ ಮರಿಗಳು ಹೆಚ್ಚಾಗಿ ಮೊಟ್ಟೆ ಹ್ಯಾಚರಿಗಳು ಬೇಡವೆಂದು ಕಳೆಯುವ ಗಂಡು ಮರಿಗಳು. ಮಕ್ಕಳ ಕೈಗೆ ಆಟಿಕೆಯಾಗಿ ನಾಲ್ಕು ದಿನದಲ್ಲಿ ಸಾಯುವ ಆ ಮರಿಗಳನ್ನು ದಯವಿಟ್ಟು ಕೊಳ್ಳಬೇಡಿ.

ತಾಯಿಯಿಲ್ಲದ ಮರಿ ತಂದರೆ ತಾಯಿಯ ಬಿಸಿಯನ್ನು ಬಲ್ಬು ಕೊಡಬೇಕು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ: ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ಬಾಯಿ ತೆರೆದು ಮೂಲೆಗೆ ಸರಿದರೆ ಸೆಕೆ, ಎಲ್ಲೆಡೆ ಹರಡಿಕೊಂಡು ಮೇದರೆ ಸರಿಯಿದೆ. ಕರೆಂಟು ಹೋಗುವ ಊರುಗಳಲ್ಲಿ ಕೆಂಡದ ಮಡಕೆ ಸಿದ್ಧವಿರಲಿ, ಹೊಗೆ ಮಾತ್ರ ಕೂಡದು.

ತಳಿ, ವಯಸ್ಸು ಬೆರೆತ ಹಿಂಡಿನಲ್ಲಿ ಜಗಳ ತಪ್ಪದು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕಟ್ಟುನಿಟ್ಟಿನ ಮೇಲು-ಕೀಳು ಇರುತ್ತದೆಂದು ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದ ಆರಂಭದಲ್ಲೇ ಬರೆದಿಟ್ಟರು. ಹೊಸ ಕೋಳಿ ಬಂದಾಗೆಲ್ಲ ಆ ಲೆಕ್ಕ ಮತ್ತೆ ಮೊದಲಿನಿಂದ. ಒಂದನ್ನೇ ತಂದು ಬಿಟ್ಟರೆ ಎಲ್ಲವೂ ಸೇರಿ ಅದನ್ನು ರಕ್ತ ಬರುವಂತೆ ಕುಕ್ಕುತ್ತವೆ. ಎರಡು ಮೂರನ್ನು ಒಟ್ಟಿಗೆ ತನ್ನಿ, ಕೆಲವು ದಿನ ಜಾಲರಿಯಾಚೆ ಇಟ್ಟು ಮುಖ ಪರಿಚಯ ಮಾಡಿಸಿ, ಆಮೇಲೆ ರಾತ್ರಿ ಗೂಡಿನೊಳಗೆ ಬಿಡಿ. ಕಾಳನ್ನು ಒಂದೇ ಕಡೆ ಸುರಿಯದೆ ಮೂರು ನಾಲ್ಕು ಕಡೆ ಎರಚಿದರೆ ಬಡಪಾಯಿಗೂ ಪಾಲು ಸಿಗುತ್ತದೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೂರೂವರೆ ಕಿಲೊ ತೂಗುವ ಗಿರಿರಾಜ ಹುಂಜ ಒಂದೂಕಾಲು ಕಿಲೊದ ನಾಟಿ ಹೇಂಟೆಯ ಬೆನ್ನು ಹತ್ತಿ ಹತ್ತಿ ಗರಿ ಕಿತ್ತು ಗಾಯ ಮಾಡುತ್ತದೆ. ಮಿಶ್ರ ಹಿಂಡಿಗೆ ನಾಟಿ ಹುಂಜವೇ ವಾಸಿ.

ಬಾತು, ಗಿನಿಕೋಳಿ, ಟರ್ಕಿಗಳನ್ನೂ ಸೇರಿಸುವ ಆಸೆ ಕೆಲವರಿಗೆ. ಗಿನಿಕೋಳಿ ಅಪರಿಚಿತರನ್ನು ಕಂಡರೆ ಕಿರುಚಿ ಕಾವಲು ಕಾಯುತ್ತದೆ, ಇರಲಿ. ಬಾತಿಗೆ ಬೇರೆ ಗೂಡು ಬೇಕು, ಅದು ಚೆಲ್ಲುವ ನೀರಿಗೆ ಕೋಳಿಯ ಗೂಡು ರೊಚ್ಚೆಯಾಗುತ್ತದೆ. ಟರ್ಕಿಯನ್ನು ಕೋಳಿ ಕೆದಕುವ ನೆಲದಲ್ಲಿ ಬಿಡಲೇಬೇಡಿ. ಕೋಳಿಯ ಕರುಳಿನ ಹುಳುವಿನ ಮೊಟ್ಟೆಯ ಜೊತೆ ಸಾಗುವ ಒಂದು ಸೂಕ್ಷ್ಮಜೀವಿ ಕೋಳಿಯನ್ನು ಅಷ್ಟಾಗಿ ಬಾಧಿಸದೆ ಟರ್ಕಿಯ ಯಕೃತ್ತನ್ನು ತಿಂದುಹಾಕುತ್ತದೆ.

ಮೇವಿನ ಮಾತು. ತಿಪ್ಪೆ ಕೆದಕಿ ಹುಳು, ಗೆದ್ದಲು, ಸೊಪ್ಪು, ಬಿದ್ದ ಕಾಳು ತಿನ್ನುವ ಕೋಳಿಗೆ ಅರ್ಧ ಹೊಟ್ಟೆ ಹಿತ್ತಲೇ ತುಂಬಿಸುತ್ತದೆ. ಮೊಟ್ಟೆಯ ಹಳದಿ ಭಾಗ ಕೇಸರಿಗೆ ತಿರುಗುವುದು ಆ ಹಸಿರು ಸೊಪ್ಪಿನಿಂದ. ಚಿಪ್ಪು ಕಂದೋ ಬಿಳಿಯೋ ಎಂಬುದಕ್ಕೂ ಪೌಷ್ಟಿಕತೆಗೂ ಸಂಬಂಧವಿಲ್ಲ. ಸಂಜೆ ಗೂಡಿಗೆ ಕರೆಯುವಾಗ ಒಂದು ಹಿಡಿ ರಾಗಿ, ನುಚ್ಚು, ಜೋಳ ಹಾಕಿ. ಮೊಟ್ಟೆ ಇಡುವ ಕೋಳಿಗೆ ಬೇಕಾದ ಮುಖ್ಯ ವಸ್ತು ಸುಣ್ಣ. ಒಂದು ಮೊಟ್ಟೆ ಹೊಟ್ಟೆಯೊಳಗೆ ಸಿದ್ಧವಾಗಲು 25 ಗಂಟೆ ಬೇಕು, ಅದರಲ್ಲಿ 20 ಗಂಟೆ ಹೋಗುವುದು ಬರಿ ಚಿಪ್ಪಿಗೆ. ಒಂದು ಚಿಪ್ಪಿಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಅದು ಮೇವಿನಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನೋ, ಹುರಿದು ಪುಡಿ ಮಾಡಿದ ಮೊಟ್ಟೆ ಚಿಪ್ಪನ್ನೋ ಒಂದು ಬಟ್ಟಲಲ್ಲಿ ಬೇರೆಯಾಗಿ ಇಡಿ, ಬೇಕಾದದ್ದು ಬಂದು ತಿನ್ನುತ್ತದೆ. ಬೇರೆಯಾಗಿಯೇ ಏಕೆಂದರೆ, ಸುಣ್ಣ ಜಾಸ್ತಿಯಿರುವ ಮೊಟ್ಟೆಕೋಳಿಯ ಫೀಡು ತಿಂದರೆ ಎಳೆಯ ಮರಿಗಳ ಮೂತ್ರಪಿಂಡ ಕೆಡುತ್ತದೆ. ಮರಿಗಳಿಗೆ ದೊಡ್ಡವು ನುಗ್ಗಲಾಗದ ಸಂದಿಯಲ್ಲಿ ಮರಿಫೀಡು ಕೊಡಬೇಕು. ಬೂಷ್ಟು ಹಿಡಿದ ಜೋಳ, ಕಡಲೆಹಿಂಡಿಯನ್ನು ‘ಕೋಳಿಗೆ ತಾನೆ’ ಎಂದು ಹಾಕುವವರಿದ್ದಾರೆ. ಆ ಬೂಷ್ಟಿನ ಅಫ್ಲಟಾಕ್ಸಿನ್ ನೇರವಾಗಿ ಯಕೃತ್ತಿಗೆ ಹೊಡೆಯುವ ವಿಷ.

ಹಗಲು ಹದ್ದು, ಕಾಗೆ, ಬೀದಿನಾಯಿ, ಮುಂಗುಸಿ. ರಾತ್ರಿ ಹಾವು, ಕಾಡುಬೆಕ್ಕು. ಹದ್ದಿಗೆ ಒಂದು ಕೂಗು, ನೆಲದ ಮೇಲಿನ ಶತ್ರುವಿಗೆ ಇನ್ನೊಂದು ಕೂಗು ಕೂಗಿ ಎಚ್ಚರಿಸಲು ಕೋಳಿಗೆ ಬರುತ್ತದೆ. ನಾಟಿ ತಾಯಿ ಹದ್ದಿನ ಮೈಮೇಲೆ ಹಾರಿ ಹೋಗುವುದನ್ನು ಹಳ್ಳಿಯಲ್ಲಿ ಯಾರು ಕಂಡಿಲ್ಲ! ಭಾರದ ಗಿರಿರಾಜ ಅಷ್ಟು ಚುರುಕಲ್ಲ, ಮರ ಹತ್ತಲೂ ಆಗದು. ಆದ್ದರಿಂದ ರಾತ್ರಿ ಭದ್ರ ಗೂಡು ಬೇಕೇಬೇಕು: ನೆಲದಿಂದ ಎರಡಡಿ ಎತ್ತರ, ಕೋಳಿಯೊಂದಕ್ಕೆ ಒಂದೂವರೆ ಚದರಡಿ, ಗಾಳಿಯಾಡುವ ಸಣ್ಣ ಕಣ್ಣಿನ ಜಾಲರಿ, ಕೂರಲು ಅಡ್ಡಗಳು, ತಳಕ್ಕೆ ಭತ್ತದ ಹೊಟ್ಟು. ಹೊಟ್ಟು ಒದ್ದೆಯಾದರೆ ತಕ್ಷಣ ತೆಗೆಯಿರಿ. ಮೂರರಿಂದ ಆರು ವಾರದ ಮರಿಗಳು ರಕ್ತ ಬೆರೆತ ಹಿಕ್ಕೆ ಹಾಕಿ ಸಾಯುವ ಕಾಕ್ಸಿಡಿಯೋಸಿಸ್ ಹಬ್ಬುವುದು ಆ ತೇವದಲ್ಲೇ.

ಆದರೆ ಹಿತ್ತಲ ಕೋಳಿಗಳನ್ನು ಗೂಡುಗಟ್ಟಲೆ ಖಾಲಿ ಮಾಡುವುದು ಹದ್ದೂ ಅಲ್ಲ, ಹಾವೂ ಅಲ್ಲ. ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಗುರುತಿಸಿದ ರೋಗವೇ ಸ್ವಲ್ಪದರಲ್ಲೇ ಕುಮಾವೂ ಬೆಟ್ಟಗಳ ರಾಣಿಖೇತಿನಲ್ಲೂ ಕಂಡಿತು, ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಹಸಿರು ಭೇದಿ, ಬಾಯಿ ತೆರೆದು ಏದುಸಿರು, ಜೋತುಬಿದ್ದ ರೆಕ್ಕೆ, ಬದುಕಿ ಉಳಿದವುಗಳಿಗೆ ತಿರುಚಿದ ಕುತ್ತಿಗೆ. ಬೇಸಿಗೆಯ ಮುಂದೆ, ಜಾತ್ರೆ ಸಂತೆಗಳ ಕಾಲದಲ್ಲಿ, ಕೋಳಿಗಳು ಊರಿಂದೂರಿಗೆ ಓಡಾಡುವಾಗ ಇದು ಬರುತ್ತದೆ. ಸಂತೆಯಲ್ಲಿ ಮಾರಾಟವಾಗದೆ ವಾಪಸ್ಸು ಬಂದ ಒಂದು ಹುಂಜ ಸಾಕು, ಬೀದಿಯ ಗೂಡುಗಳೆಲ್ಲ ವಾರದಲ್ಲಿ ಬರಿದಾಗುತ್ತವೆ. ಹೊರಗಿನಿಂದ ಬಂದ ಯಾವ ಕೋಳಿಯನ್ನೂ ಎರಡು ಮೂರು ವಾರ ಬೇರೆ ಇಡಬೇಕೆನ್ನುವುದು ಇದಕ್ಕೇ. ಬಂದ ಮೇಲೆ ಔಷಧವಿಲ್ಲ. ಅರಿಶಿನ, ಬೆಳ್ಳುಳ್ಳಿ, ಮಾತ್ರೆ ಯಾವುದೂ ಈ ವೈರಸ್ಸನ್ನು ನಿಲ್ಲಿಸದು. ಬರದಂತೆ ತಡೆಯುವ ಲಸಿಕೆ ಮಾತ್ರ ಇದೆ, ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ.

ಲೆಕ್ಕ ಸರಳ. ಮರಿಗೆ ವಾರವಾದಾಗ ಲಾಸೋಟಾ ಅಥವಾ ಎಫ್ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೆಯ ವಾರ ಇನ್ನೊಮ್ಮೆ. ಎಂಟರಿಂದ ಹತ್ತು ವಾರಕ್ಕೆ ಆರ್‌ಟುಬಿ ಲಸಿಕೆ, ರೆಕ್ಕೆಯಡಿ ಚರ್ಮದ ಕೆಳಗೆ ಅರ್ಧ ಎಂಎಲ್. ಇದು ಸ್ವಲ್ಪ ಬಲವಾದದ್ದು, ಎಳೆಯ ಮರಿಗೆ ಕೊಟ್ಟರೆ ರೋಗವನ್ನೇ ತಂದೀತು. ಒಂದು ವಾರ ಮುಂಚೆ ಜಂತುಹುಳುವಿನ ಔಷಧ ಕೊಟ್ಟಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಬೇಕು.

ತೊಡಕಿರುವುದು ಬಾಟಲಿಯಲ್ಲಿ. ಲಸಿಕೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವ ಸೀಸೆಯಲ್ಲಿ ಬರುತ್ತದೆ. ನಿಮ್ಮಲ್ಲಿರುವುದು ಹನ್ನೆರಡು. ಒಮ್ಮೆ ನೀರು ಬೆರೆಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ನಾಳೆಗೆ ಉಳಿಯದು. ಹನ್ನೆರಡು ಕೋಳಿಗೆ ಒಂದು ಸೀಸೆ ಯಾಕೆ ಒಡೆಯಬೇಕು ಎಂದು ಆಸ್ಪತ್ರೆಯವರೂ ಹಿಂದೆ ಮುಂದೆ ನೋಡುತ್ತಾರೆ, ಮನೆಯವರೂ ಬಿಡುತ್ತಾರೆ. ದಾರಿ ಒಂದೇ, ಇಡೀ ಬೀದಿ ಒಂದು ಸಂಜೆ ಒಟ್ಟಾಗುವುದು. ನಮ್ಮ ಬೀದಿಯಲ್ಲಿ ಹಾಗೇ ಮಾಡುತ್ತೇವೆ. ಹಗಲು ಕೋಳಿ ಅಟ್ಟಿಸಿಕೊಂಡು ಹೋಗಲು ಹೊರಟ ಹುಡುಗರಿಗೆ ಎದುರು ಮನೆಯ ಅಜ್ಜಿ ಹೇಳುತ್ತಾರೆ: ‘ಬ್ಯಾಡ ಕಣ್ರಪ್ಪಾ, ಊರೆಲ್ಲ ಓಡಿಸ್ತವೆ. ಸಂಜೆ ಗೂಡಿಗೆ ಸೇರ್ಕಂಡ್ಮೇಲೆ ಒಂದೊಂದೇ ಕೈಗೆ ಕೊಡ್ತೀನಿ.’ ಕತ್ತಲಾದ ಮೇಲೆ ಕೋಳಿ ಮಂಕಾಗಿ ಸುಮ್ಮನೆ ಕೈಗೆ ಬರುತ್ತದೆ. ಸೀಸೆ ಥರ್ಮಾಸಿನ ಐಸಿನಲ್ಲಿರುತ್ತದೆ. ಒಬ್ಬರು ಮರಿಯನ್ನು ಅಂಗೈಯಲ್ಲಿ ಓರೆಯಾಗಿ ಹಿಡಿದರೆ ಇನ್ನೊಬ್ಬರು ಕಣ್ಣಿಗೆ ಒಂದೇ ಹನಿ ಬಿಡುತ್ತಾರೆ. ಹನಿ ಕಣ್ಣಿನ ಮೇಲೆ ಒಂದು ಕ್ಷಣ ಗುಂಡಗೆ ನಿಂತು, ಮರಿ ರೆಪ್ಪೆ ಬಡಿದ ಕೂಡಲೇ ಒಳಗಿಳಿಯುತ್ತದೆ. ಇಳಿಯುವವರೆಗೂ ಮರಿಯನ್ನು ಬಿಡಬಾರದು. ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಆ ಲಸಿಕೆ ಮನುಷ್ಯರ ಕಣ್ಣಿಗೆ ತಗುಲಿದರೆ ಕಣ್ಣು ಕೆಂಪಾಗುತ್ತದೆ.

ಹಕ್ಕಿಜ್ವರದ ಮಾತನ್ನೂ ಹೇಳಲೇಬೇಕು. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಸಂಸ್ಥೆಗೇ ಅದು ಬಂದಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಲ್ಲಿ ಕಾಣಿಸಿಕೊಂಡಿತು. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಸತ್ತರೆ ಕೊಯ್ದು ತಿನ್ನಬೇಡಿ, ಉಳಿದವನ್ನು ಆತುರದಲ್ಲಿ ಸಂತೆಗೆ ಸಾಗಿಸಬೇಡಿ, ಸತ್ತದ್ದನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯಬೇಡಿ. ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಸುತ್ತಲ ಒಂದು ಕಿಲೊಮೀಟರಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆಂಬ ಭಯಕ್ಕೆ ಜನ ಮುಚ್ಚಿಡುತ್ತಾರೆ, ಆ ನೋವು ಅರ್ಥವಾಗುತ್ತದೆ. ಅದಕ್ಕೆ ಸರ್ಕಾರದ ಪರಿಹಾರವಿದೆ, ಮುಚ್ಚಿಟ್ಟರೆ ಅದೂ ಇಲ್ಲ, ಮನೆಯವರ ಆರೋಗ್ಯಕ್ಕೂ ಅಪಾಯ.

ಹಿತ್ತಲಲ್ಲಿ ಕೋಳಿ ಇರುವವರು ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಮನೆಮನೆಗೆ ಹೋಗಿ ಕೋಳಿಗಳ ಲೆಕ್ಕ ಬರೆದುಕೊಳ್ಳಿ, ಮರಿ ಎಷ್ಟು, ದೊಡ್ಡವು ಎಷ್ಟು ಎಂದು ಬೇರೆ ಬೇರೆಯಾಗಿ. ಆ ಚೀಟಿ ಹಿಡಿದು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಂಥ ಸಂಜೆ ಎಲ್ಲರೂ ಮನೆಯಲ್ಲಿರುತ್ತೇವೆ, ಕೊಕ್ಕರೆ ರೋಗದ ಲಸಿಕೆ ಹಾಕಿಕೊಡಿ ಎಂದು ಕೇಳಿ. ನೂರು ಕೋಳಿಯ ಲೆಕ್ಕ ಕೈಯಲ್ಲಿದ್ದರೆ ಸೀಸೆ ಒಡೆಯಲು ಯಾರೂ ಹಿಂಜರಿಯುವುದಿಲ್ಲ.